ನಾರಿನಿಂದ ಹೂವು ಸ್ವರ್ಗಕ್ಕೆ

ಹೋದ ಬೇಸಿಗೆಯಲ್ಲಿ ನಾವು ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಹೋಗಿ, ಎರಡು ಗಂಟೆ ಕ್ಯೂ ನಿಂತು, ಸತ್ತ ಇಲಿಯ ವಾಸನೆ ಕುಡಿದು ಬಂದೆವು. ವಾಸನೆ ಫ್ರೀ. ಪಾರ್ಕಿಂಗ್‌ಗೆ ಮಾತ್ರ ದುಡ್ಡು.

ಅಮೆರಿಕದಲ್ಲಿ ನಾವಿರುವ ಊರಿನ ಆಸುಪಾಸಿನ ಒಂದು ವಿಶ್ವವಿದ್ಯಾಲಯದ ಗಾಜಿನ ಮನೆಯಲ್ಲಿ 'ಹೆಣದ ಹೂವು' ಅರಳುತ್ತಿದೆ ಅಂತ ಸುದ್ದಿ ಬಂದಿತ್ತು. ಸುಮಾತ್ರಾ ಕಾಡಿನ ಗಿಡ. 1878ರಲ್ಲಿ ಇಟಲಿಯ ಒಡೊಆರ್ಡೊ ಬೆಕ್ಕಾರಿ ಎಂಬಾತ ನೋಡಿ ಹೊರಜಗತ್ತಿಗೆ ಹೇಳಿದ. ಮೊದಲ ಹೂ ಬಿಡಲು ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಅರಳಿದರೆ ಒಂದೆರಡು ದಿನದ ವೈಭವ, ಅಷ್ಟೇ. ಶಾಸ್ತ್ರೀಯ ಹೆಸರು ಅಮಾರ್ಫೋಫ್ಯಾಲಸ್ ಟೈಟಾನಮ್. ಹಾಗಂದರೇನು ಅಂತ ಮಗಳು ಕೇಳಿದಳು. ಇಲ್ಲಿ ನೆಟ್‌ವರ್ಕ್ ಸಿಗ್ತಿಲ್ಲ ಅಂದೆ.

ನಾವು ಮಗು ಹುಟ್ಟಿದ ಮೇಲೆ ಹೆಸರಿಡುತ್ತೇವೆ. ಇವರು ಮೊಗ್ಗು ಕಂಡ ಕೂಡಲೇ ತೊಟ್ಟಿಲು ಶಾಸ್ತ್ರ ಮುಗಿಸುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಹೂವು 'ವೀ ಸ್ಟಿಂಕಿ', ಅಂದರೆ ಪುಟ್ಟ ನಾತ. ಮ್ಯಾಡಿಸನ್‌ನದು 'ಬಿಗ್ ಬಕಿ'. ಸಿಡ್ನಿಯ ಸಸ್ಯೋದ್ಯಾನದಲ್ಲಿ 2025ರ ಜನವರಿಯಲ್ಲಿ ಅರಳಿದ್ದು 'ಪುಟ್ರಿಶಿಯಾ'. ಕೊಳೆತದ್ದು ಎಂಬ ಇಂಗ್ಲಿಷ್ ಪದಕ್ಕೂ ಪೆಟ್ರೀಶಿಯಾ ಎಂಬ ಹೆಣ್ಣು ಹೆಸರಿಗೂ ಗಂಟು ಹಾಕಿದ್ದು. ಆಕೆಗೆ ಪರದೆ ಇತ್ತು, ಸುತ್ತ ಹಗ್ಗದ ಬೇಲಿ ಇತ್ತು, ದಿನವಿಡೀ ಕ್ಯಾಮೆರಾ ಇತ್ತು. ಏನೂ ಆಗದ ಆ ನೇರ ಪ್ರಸಾರವನ್ನು ಲಕ್ಷಾಂತರ ಜನ ಕಣ್ಣು ಮಿಟುಕಿಸದೆ ನೋಡಿದರು. 'ಪುಟ್ರಿಶಿಯಾಳಿಗೆ ಅವಸರ ಮಾಡಬೇಡಿ' ಎನ್ನುವುದೇ ಅಭಿಮಾನಿಗಳ ಘೋಷಣೆ. ನಮ್ಮಲ್ಲಿ ಮದುವೆ ಹೆಣ್ಣಿಗೂ ಯಾರೂ ಇಷ್ಟು ಪುರುಸೊತ್ತು ಕೊಡಲ್ಲ.

ಶಿಕಾಗೋದ ಕಥೆ ಇನ್ನೂ ಚೆಂದ. 2015ರಲ್ಲಿ ಅಲ್ಲಿನ ಸಸ್ಯೋದ್ಯಾನದ 'ಸ್ಪೈಕ್' ದಿನಗಟ್ಟಲೆ ಜನರನ್ನು ಕಾಯಿಸಿ, ಅರಳುವ ಶಕ್ತಿಯೇ ಇಲ್ಲದೆ ಕೈಚೆಲ್ಲಿತು. ಕೊನೆಗೆ ಸಿಬ್ಬಂದಿಯೇ ಚಾಕು ಹಿಡಿದು ಅದನ್ನು ಬಿಚ್ಚಿ ತೋರಿಸಿದರು. ಅದನ್ನು ನೋಡೋಕೂ ಜನ ಬಂದರು! ಅರಳದ ಹೂವಿಗೂ ಕ್ಯೂ ಹಚ್ಚುವ ಕಲೆ ನಮ್ಮ ರಾಜಕಾರಣಿಗಳಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಪಾಪ, ಹೂವಿನ ತಪ್ಪೇನೂ ಇಲ್ಲ. ಅದಕ್ಕೆ ಬೇಕಾಗಿದ್ದು ಹೆಣ ಮುತ್ತುವ ನೊಣ, ಜೀರುಂಡೆ. ಅದಕ್ಕೇ ರಾತ್ರಿ ಹೊತ್ತು ತನ್ನ ದಿಂಡನ್ನು ನಮ್ಮ ಮೈಯಷ್ಟೇ ಬಿಸಿ ಮಾಡಿಕೊಂಡು, ಗಂಧಕದ ನಾತವನ್ನು ದೂರದವರೆಗೆ ಕಳಿಸುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ನೊಣದ ಹೆಸರು ಸ್ಪಷ್ಟವಾಗಿ ಬರೆದಿದೆ. ಬಂದದ್ದು ನಾವು, ಸ್ಟ್ರಾಲರ್ ತಳ್ಳಿಕೊಂಡು.

ಕ್ಯೂ ಹಾವಿನ ಹಾಗೆ ಆರ್ಕಿಡ್ ಕೋಣೆಯೊಳಗಿಂದ ಸುತ್ತಿ ಬರುತ್ತಿತ್ತು. ಆ ಕೋಣೆಯಲ್ಲಿ ಏನೇನಿತ್ತು ಗೊತ್ತಾ? ಮಡಗಾಸ್ಕರ್‌ನ ಬಿಳಿ ಆರ್ಕಿಡ್ ಒಂದಿತ್ತು. ಹೂವಿನ ಹಿಂದೆ ಒಂದಡಿ ಉದ್ದದ ನಳಿಗೆ, ತಳದಲ್ಲಿ ಜೇನು. ಇಷ್ಟುದ್ದ ನಾಲಿಗೆಯ ಪತಂಗ ಎಲ್ಲೋ ಇರಲೇಬೇಕು ಅಂತ ಡಾರ್ವಿನ್ 1862ರಲ್ಲಿ ಬರೆದ. ಜನ ನಕ್ಕರು. 1903ರಲ್ಲಿ ಪತಂಗ ಸಿಕ್ಕೇ ಬಿಟ್ಟಿತು, ಡಾರ್ವಿನ್ ಸತ್ತು ಇಪ್ಪತ್ತು ವರ್ಷದ ಮೇಲೆ. ಆ ಹೂವಿನ ಮುಂದೆ ನಿಂತಿದ್ದ ಯುವಕ ಫೋನಿನಲ್ಲಿ ಪಕ್ಕದ ಕೋಣೆಯ ಹೆಣದ ಹೂವಿನ ಲೈವ್ ನೋಡುತ್ತಿದ್ದ.

ನಿಂತು ನೋಡಿದವಳು ಒಬ್ಬಳೇ, ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮಮ್ಮ. ವೆನಿಲಾ ಬಳ್ಳಿ ಕಂಡು ಮುಖ ಸಿಂಡರಿಸಿದಳು. ಹೌದು, ವೆನಿಲಾ ಕೂಡ ಆರ್ಕಿಡ್ಡೇ. 2003ರ ಸುಮಾರಿಗೆ ಅದರ ಬೆಲೆ ಆಕಾಶಕ್ಕೇರಿದಾಗ ಮಲೆನಾಡಿನ ಮನೆಮನೆಯಲ್ಲೂ ಬೆಳಿಗ್ಗೆ ಎದ್ದು ಕಡ್ಡಿ ಹಿಡಿದು ಹೂವುಗಳಿಗೆ ಮದುವೆ ಮಾಡಿಸುತ್ತಿದ್ದರು. ಕೋಡು ಕೈಗೆ ಬರುವಷ್ಟರಲ್ಲಿ ಬೆಲೆ ಬಿದ್ದು ಮಣ್ಣಾಯಿತು. ಆದರೆ ಮೂಲೆಯಲ್ಲಿ ನೇತಾಡುತ್ತಿದ್ದ ಸೀತಾಳೆ ದಂಡೆ ಕಂಡಾಗ ಅಮ್ಮನ ಮುಖ ಅರಳಿತು. "ನೋಡೋ, ನಮ್ಮ ಹಲಸಿನ ಮರದ್ದು! ಇದನ್ನ ಮುಡ್ಕೊಂಡು ಶಾಲೆಗೆ ಹೋಗ್ತಿದ್ವಿ." ಅಷ್ಟರಲ್ಲಿ ಸ್ವಯಂಸೇವಕ ಹುಡುಗ ಓಡಿ ಬಂದು, ಬಹಳ ವಿನಯದಿಂದ, "ಹೂವು ಆ ಕಡೆ ಇದೆ" ಅಂದ.

ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತು ಅಂತಾರಲ್ಲ, ಇಲ್ಲಿ ಉಲ್ಟಾ. ನಾರುವುದೊಂದು ಇದ್ದದ್ದರಿಂದ ಉಳಿದ ಹೂಗಳಿಗೂ ಎರಡು ದಿನ ಜನರ ಮುಖ ನೋಡುವ ಭಾಗ್ಯ. ವಾಸನೆಯಿಲ್ಲದವರ ಗತಿ ಕೇಳಬೇಡಿ. 2024ರ ಫೆಬ್ರುವರಿಯಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ತನ್ನ ಹರ್ಬೇರಿಯಂ ಮುಚ್ಚುವುದಾಗಿ ಹೇಳಿತು. ಸುಮಾರು ನೂರು ವರ್ಷ ಕೂಡಿಟ್ಟ 8 ಲಕ್ಷ 25 ಸಾವಿರ ಒಣಗಿದ ಗಿಡದ ಮಾದರಿಗಳು. ವಿಜ್ಞಾನಿಗಳು ಸಹಿ ಸಂಗ್ರಹಿಸಿದರು, ಗೋಗರೆದರು. ಒಣ ಗಿಡಕ್ಕೆ ಯಾರು ಲೈವ್ ಹಾಕ್ತಾರೆ? ಯಾರು ಟೀ ಶರ್ಟ್ ಕೊಳ್ತಾರೆ? ಆ ಮಾದರಿಗಳು ಸ್ವಲ್ಪ ಕೊಳೆಯುವುದನ್ನಾದರೂ ಕಲಿಯಬೇಕಿತ್ತು.

ಅಂತೂ ನಮ್ಮ ಸರದಿ ಬಂತು. ಆಳೆತ್ತರದ ಹೂವು. ಹೊರಗೆ ಹಸಿರು, ಒಳಗೆ ರಕ್ತ ಹೆಪ್ಪುಗಟ್ಟಿದ ಬಣ್ಣ, ನಡುವೆ ಹಳದಿ ಕಂಬ. ಜನ "ವಾವ್" ಅನ್ನುತ್ತ ಮೂಗು ಮುಚ್ಚಿಕೊಂಡು ಸೆಲ್ಫಿ ತೆಗೆಯುತ್ತಿದ್ದರು. ನಾತ ಸರಿಯಾಗಿ ಬರ್ತಿಲ್ಲ ಅಂತ ಒಬ್ಬಾಕೆಗೆ ಬೇಜಾರೇ ಆಗಿತ್ತು.

ಅಮ್ಮ ಒಂದು ಸಲ ಮೂಗೆಳೆದಳು. ಅಷ್ಟೇ. "ಇದು ನಮ್ಮ ಹಿತ್ತಲಿನ ಸುವರ್ಣಗಡ್ಡೆ ಹೂವಲ್ವೇನೋ?"

ಬೋರ್ಡ್ ಓದಿದೆ. ಅಮ್ಮ ಹೇಳಿದ್ದು ಹೆಚ್ಚುಕಡಿಮೆ ಸರಿ. ಸುವರ್ಣಗಡ್ಡೆಯೂ ಅಮಾರ್ಫೋಫ್ಯಾಲಸ್ಸೇ, ಇದರ ದಾಯಾದಿ. ಅದೂ ಮೊದಲ ಮಳೆ ಬಿದ್ದಾಗ ಎಲೆಗಿಂತ ಮುಂಚೆ, ನೆಲದ ಮಟ್ಟದಲ್ಲೇ, ನೇರಳೆ ಬಣ್ಣದ ಹೂ ಬಿಟ್ಟು ಇದೇ ರೀತಿ ನಾರುತ್ತದೆ. ನನ್ನ ಚಿಕ್ಕಂದಿನಲ್ಲಿ ಒಮ್ಮೆ ಅಪ್ಪ ಇಲಿ ಸತ್ತಿದೆ ಅಂತ ಎರಡು ದಿನ ಅಟ್ಟ ಪೂರ್ತಿ ಹುಡುಕಿ, ಆಮೇಲೆ ಹಿತ್ತಲಿನಲ್ಲಿ ಹೂವು ನೋಡಿ ಬೈದುಕೊಂಡು ಕತ್ತಿಯಲ್ಲಿ ಕಡಿದು ಗೊಬ್ಬರದ ಗುಂಡಿಗೆ ಹಾಕಿದ್ದರು. ಹೆಸರಿಡುವುದು ಆಗ ಹೊಳೆಯಲೇ ಇಲ್ಲ.

"ಗಡ್ಡೆ ಎಷ್ಟು ತೂಗುತ್ತಂತೆ, ಕೇಳು" ಅಂದಳು ಅಮ್ಮ.

ಕೇಳಿದೆ. ಹುಡುಗ ಉತ್ಸಾಹದಿಂದ ಹೇಳಿದ. 2010ರಲ್ಲಿ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಒಂದು ಗಡ್ಡೆ 153.9 ಕೆಜಿ ತೂಗಿತ್ತಂತೆ. ದಾಖಲೆ.

ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಎರಡು ಮದುವೆಯ ಹುಳಿಗೆ ಸಾಕು. ಹುಣಸೆಹಣ್ಣು ಜಾಸ್ತಿ ಹಾಕಿದ್ರೆ ತುರಿಸಲ್ಲ ಅಂತ ಹೇಳು ಅವನಿಗೆ."

ಏನಂದರು ಅಂತ ಹುಡುಗ ಆಸೆಯಿಂದ ನನ್ನ ಮುಖ ನೋಡಿದ. ಬಹಳ ಚೆನ್ನಾಗಿದೆ ಅಂತಿದ್ದಾರೆ ಅಂದೆ.