ಪಕ್ಕದ ರೂಮಿನ ಕಂಪ್ಯೂಟರ್ ಕಾಣಿಸ್ತಿಲ್ವಂತೆ!

ಪಕ್ಕದ ರೂಮಿನ ಕಂಪ್ಯೂಟರಿಗೆ ವೈಫೈಯಲ್ಲೇ ಫೈಲ್ ಕೊಡೋಣ ಅಂದುಕೊಂಡೆ. ನಿನ್ನೆ ರಾತ್ರಿ ವಿಂಡೋಸ್ ಅಪ್‌ಡೇಟ್ ಆಯ್ತು. ಬೆಳಗ್ಗೆ ನೋಡಿದರೆ ನಮ್ಮನೆ ವೈಫೈ ಮತ್ತೆ ‘ಪಬ್ಲಿಕ್ ನೆಟ್‌ವರ್ಕ್’ ಆಗಿ ಕೂತಿದೆ, ಅಂದ್ರೆ ಸುತ್ತ ಇರೋರೆಲ್ಲ ಅಪರಿಚಿತರು ಅಂತ ಕಂಪ್ಯೂಟರ್ ಮುಖ ಮರೆಸಿಕೊಳ್ಳುತ್ತೆ. ಮನೆಯೇನು ಬಸ್ ಸ್ಟ್ಯಾಂಡಾ? ಪ್ರೈವೇಟ್ ಮಾಡಿದೆ, ಕಂಪ್ಯೂಟರುಗಳು ಒಂದಕ್ಕೊಂದು ಕಾಣಿಸೋಕೆ ನೆಟ್‌ವರ್ಕ್ ಡಿಸ್ಕವರಿ ಆನ್ ಮಾಡಿದೆ, ಫೈಲ್ ಶೇರಿಂಗ್ ಆನ್ ಮಾಡಿದೆ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಯಾರು ಬೇಕಾದರೂ ತೆರೆಯಲಿ ಅಂತ ‘ಎವ್ರಿವನ್’ ಅಂತಾನೂ ಸೇರಿಸಿದೆ, ಇಷ್ಟೆಲ್ಲ ಮಾಡಿ ಆ ರೂಮಿಗೆ ಹೋದರೆ ಅಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಯಾವ ಪಾಸ್‌ವರ್ಡ್? ದಿನಾ ಹೊಡೆಯೋ ಪಿನ್ ಅದಕ್ಕೆ ಆಗಲ್ಲ. ಶೇರಿಂಗ್ ಪರ್ಮಿಷನ್ ಒಂದು ಟ್ಯಾಬಲ್ಲಿ, ಸೆಕ್ಯುರಿಟಿ ಪರ್ಮಿಷನ್ ಇನ್ನೊಂದರಲ್ಲಿ. ಎರಡೂ ಕಡೆಯವರು ಒಪ್ಪಬೇಕಂತೆ, ಇದೇನು ಮದುವೆ ಮಾತುಕತೆನಾ? ಇಷ್ಟಾದ ಮೇಲೆ ಕಾಣಿಸಿದ್ದು ಪ್ರಿಂಟರ್. ನಾನು ಕೇಳಿದ್ನಾ? ಕೊನೆಗೆ ಪೆನ್‌ಡ್ರೈವ್ ಹಿಡಿದು ಹತ್ತು ಹೆಜ್ಜೆ ನಡೆದೆ. ಅದೂ ಮೂರನೇ ಸಲ ತಿರುಗಿಸಿದಾಗಲೇ ಒಳಗೆ ಹೋಗಿದ್ದು.