ಕಾನೂನಿಗೆ ಹೊದಿಸಿದ ‘ಶಲ್’

ಇಂಗ್ಲಿಷಿನಲ್ಲಿ ‘ಶಲ್’ ಅಂತ ಒಂದು ಪುಟ್ಟ ಪದ ಇದೆ. ಮಾತಾಡುವ ಜನ ಅದನ್ನು ಹೆಚ್ಚುಕಮ್ಮಿ ಕೈಬಿಟ್ಟಿದ್ದಾರೆ. ಈಗ ಅದರ ಖಾಯಂ ವಿಳಾಸ ಕಾಯ್ದೆ ಪುಸ್ತಕ ಮತ್ತು ಟೆಂಡರ್ ಷರತ್ತು. ನಮ್ಮ ಸರ್ಕಾರಿ ಕನ್ನಡದಲ್ಲಿ ಅದರ ಖಾಸಾ ತಮ್ಮನೊಬ್ಬ ಇದ್ದಾನೆ, ‘ತಕ್ಕದ್ದು’. ಸಲ್ಲಿಸತಕ್ಕದ್ದು, ಹಾಜರಾಗತಕ್ಕದ್ದು, ತಪ್ಪಿದಲ್ಲಿ ದಂಡ ತೆರತಕ್ಕದ್ದು. ಮನೆಯಲ್ಲಿ ಯಾರಾದರೂ ‘ಊಟಕ್ಕೆ ಬರತಕ್ಕದ್ದು’ ಅಂದರೆ ಮೊದಲು ವಕೀಲರಿಗೆ ಫೋನ್ ಮಾಡಬೇಕು ಅನಿಸುತ್ತದೆ.

ಹಿಂದೆ ಈ ಪದಕ್ಕೆ ಒಂದು ಮರ್ಯಾದೆ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಅದು ಬಾಕಿ ಇರುವ ಋಣವನ್ನೂ ಹೇಳುತ್ತಿತ್ತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಕದಿಯಬೇಡ, ಕೊಲ್ಲಬೇಡ ಎಂದು ಬೆಟ್ಟದ ಮೇಲಿಂದ ದೇವರು ಗದರಿದ್ದು ಇದೇ ಪದ ಹಿಡಿದು. ‘ಸ್ವಾಮಿ, ಇದು ಕಡ್ಡಾಯವೋ ಅಥವಾ ಸುಮ್ನೆ ಮಾರ್ಗಸೂಚಿಯೋ?’ ಅಂತ ಬೆಟ್ಟದ ಬುಡದಲ್ಲಿ ಯಾರೂ ಕೇಳಲಿಲ್ಲ. ಅಲ್ಲಿ ಸರ್ಕಾರಿ ವಕೀಲರು ಇರಲಿಲ್ಲ, ಅಷ್ಟೇ.

ಆಮೇಲೆ ಬಂದ ಜಾನ್ ವಾಲಿಸ್. ಗಣಿತದ ಮೇಷ್ಟ್ರು. 1653ರಲ್ಲಿ ಇಂಗ್ಲಿಷಿಗೆ ಒಂದು ವ್ಯಾಕರಣ ಬರೆದ, ಅದೂ ಲ್ಯಾಟಿನ್ನಿನಲ್ಲಿ. ಅವನ ಪ್ರಕಾರ ‘ನಾನು’ ಜೊತೆ ಶಲ್ ಬಂದರೆ ಅದು ಬರೀ ಭವಿಷ್ಯ ನುಡಿಯುವುದು. ‘ನೀನು’, ‘ಅವನು’ ಜೊತೆ ಬಂದರೆ ವಚನ, ಇಲ್ಲವೇ ಬೆದರಿಕೆ. ಇಂಗ್ಲಿಷ್ ಜನ ಈ ನಿಯಮವನ್ನು ಎಷ್ಟು ಪಾಲಿಸಿದರೋ ಏನೋ, ನಮ್ಮ ಗಣರಾಜ್ಯ ಮಾತ್ರ ಅಕ್ಷರಶಃ ಪಾಲಿಸುತ್ತಿದೆ. ಸರ್ಕಾರ ನಮಗೆ ಹೇಳಿದರೆ ಬೆದರಿಕೆ. ತನಗೆ ತಾನೇ ಹೇಳಿಕೊಂಡರೆ ಪಂಚಾಂಗ.

ಸಂವಿಧಾನವನ್ನೇ ತೆಗೆಯಿರಿ. ನೌಕರರ ಶಿಸ್ತುಕ್ರಮದ ವಿಚಾರದಲ್ಲಿ ಲೋಕಸೇವಾ ಆಯೋಗವನ್ನು ಕೇಳತಕ್ಕದ್ದು ಅಂತ 320ನೇ ವಿಧಿ ಹೇಳಿತು. ಕೇಳದಿದ್ದರೂ ಆದೇಶ ಬಿದ್ದುಹೋಗುವುದಿಲ್ಲ ಅಂತ 1957ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಸಂವಿಧಾನಕ್ಕೆ ಆಗ ಏಳು ವರ್ಷ. ಹಾಲುಹಲ್ಲು ಬೀಳುವ ವಯಸ್ಸು.

45ನೇ ವಿಧಿ ಇನ್ನೂ ಚೆಂದ. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಅಂತ ಅದರಲ್ಲಿತ್ತು. ಗಮನಿಸಿ, ಕಡ್ಡಾಯ ಆದದ್ದು ಪ್ರಯತ್ನ. ಹತ್ತು ವರ್ಷ ಮುಗಿದದ್ದು 1960ಕ್ಕೆ. ಶಿಕ್ಷಣ ಮೂಲಭೂತ ಹಕ್ಕು ಅಂತ ತಿದ್ದುಪಡಿ ಆದದ್ದು 2002ರಲ್ಲಿ, ಅದಕ್ಕೊಂದು ಕಾಯ್ದೆ ಬಂದದ್ದು 2009ರಲ್ಲಿ, ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ತಾರೀಖು ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತು ಅಂತಲೇ ನನ್ನ ಅನುಮಾನ. 1950ರಲ್ಲಿ ಒಂದನೇ ಕ್ಲಾಸಿಗೆ ಕಾದು ನಿಂತ ಹುಡುಗ ಅಷ್ಟರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಪಡೆಯುತ್ತಿದ್ದ.

93ನೇ ವಿಧಿಯ ಮುಂದೆ ಇದೆಲ್ಲ ಏನೂ ಅಲ್ಲ. ಲೋಕಸಭೆ ‘ಆದಷ್ಟು ಬೇಗ’ ಒಬ್ಬ ಸ್ಪೀಕರನ್ನೂ ಒಬ್ಬ ಡೆಪ್ಯುಟಿ ಸ್ಪೀಕರನ್ನೂ ಆರಿಸತಕ್ಕದ್ದು. ಒಂದೇ ವಾಕ್ಯ, ಇಬ್ಬರಿಗೂ ಸೇರಿ ಒಂದೇ ಶಲ್. 17ನೇ ಲೋಕಸಭೆ ಆ ವಾಕ್ಯದ ಅರ್ಧವನ್ನು 2019ರಲ್ಲಿ ತಕ್ಷಣ ಪಾಲಿಸಿ ಸ್ಪೀಕರನ್ನು ಆರಿಸಿತು. ಉಳಿದರ್ಧ ಓದುವುದರೊಳಗೆ ಐದು ವರ್ಷ ಮುಗಿದೇ ಹೋಯಿತು. ಡೆಪ್ಯುಟಿ ಸ್ಪೀಕರ್ ಇಲ್ಲದೆಯೇ ಪೂರ್ತಿ ಅವಧಿ ಮುಗಿಸಿದ ಮೊದಲ ಲೋಕಸಭೆ ಅದು. ದೇಶಕ್ಕೆಲ್ಲ ‘ತಕ್ಕದ್ದು’ ಸಪ್ಲೈ ಮಾಡುವ ಕಾರ್ಖಾನೆಯಲ್ಲೇ ಈ ಸ್ಟಾಕು ಖಾಲಿ!

ಗ್ರಾಹಕ ಕೋರ್ಟಿಗೆ ಬನ್ನಿ. 1986ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎದುರು ಪಾರ್ಟಿ 30 ದಿನದಲ್ಲಿ ಉತ್ತರ ಕೊಡಬೇಕಿತ್ತು. ಬೇಕಿದ್ದರೆ ಇನ್ನು 15 ದಿನ. ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಖಡಾಖಂಡಿತ ಹೇಳಿತು. ಸರಿ, ಒಳ್ಳೆಯದೇ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿತ್ತು: ಪರೀಕ್ಷೆ ಗಿರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ ಇತ್ಯರ್ಥ ಮಾಡಲು ಪ್ರಯತ್ನಿಸತಕ್ಕದ್ದು. ನೋಡಿ, ಮತ್ತೆ ಬಂದ ಪ್ರಯತ್ನರಾಯ! ಪಾರ್ಟಿಗೆ ಗಡಿಯಾರ, ಪೀಠಕ್ಕೆ ಕ್ಯಾಲೆಂಡರ್. ಮಿಕ್ಸಿ ಕೆಟ್ಟಿತು ಅಂತ ದೂರು ಕೊಟ್ಟವರು ಮಧ್ಯೆ ಒರಳುಕಲ್ಲಿಗೆ ಒಗ್ಗಿಹೋಗಿರುತ್ತಾರೆ.

ಹೊರದೇಶದವರು ಈ ಪದದ ಸಹವಾಸ ಸಾಕಪ್ಪ ಅಂತ ಬಿಟ್ಟರು. ದಕ್ಷಿಣ ಆಫ್ರಿಕಾ 1996ರ ಸಂವಿಧಾನದಲ್ಲಿ ಅದರ ಬದಲು ನೇರವಾಗಿ ‘ಮಸ್ಟ್’ ಅಂತ ಬರೆದುಕೊಂಡಿತು. ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮಗಳಿಂದ 2007ರಲ್ಲಿ ಶಲ್ ಅನ್ನು ಹೆಕ್ಕಿ ಹೆಕ್ಕಿ ತೆಗೆದರು. ನಾವು ಯಾಕೆ ಬಿಡಬೇಕು? ಇಷ್ಟು ಅನುಕೂಲದ ಪದ ಯಾರಿಗೆ ಸಿಗುತ್ತೆ? ಸನ್ಮಾನಕ್ಕೆ ಶಾಲು, ಶಾಸನಕ್ಕೆ ಶಲ್. ಎರಡನ್ನೂ ಹೊದಿಸಿದ ಮೇಲೆ ಯಾರೂ ಬಿಚ್ಚಿ ನೋಡುವುದಿಲ್ಲ.

ಬೇಕಾದರೆ ನೀವೂ ಒಮ್ಮೆ ಪ್ರಯೋಗ ಮಾಡಿ. ಈ ತಿಂಗಳ ಕರೆಂಟ್ ಬಿಲ್ಲಿನ ಹಿಂದೆ ‘ಆದಷ್ಟು ಬೇಗ ಕಟ್ಟಲು ಪ್ರಯತ್ನಿಸತಕ್ಕದ್ದು’ ಅಂತ ಬರೆದು, ಸಹಿ ಹಾಕಿ, ಮೀಟರಿಗೆ ಅಂಟಿಸಿ. ಲೈನ್‌ಮನ್ ವಾಲಿಸನ ವ್ಯಾಕರಣ ಓದಿರುವುದಿಲ್ಲ. ಆದರೂ ಇದು ಯಾರು ಯಾರಿಗೆ ಹೇಳುವ ಮಾತು ಅಂತ ಅವನಿಗೆ ಚೆನ್ನಾಗಿ ಗೊತ್ತು. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಪಕ್ಕದ ಮನೆಯ ಗೇಟು ತಟ್ಟುತ್ತಾನೆ.