ದಣಿದ ವಿಶ್ವಾಸಿಗೆ ಇನ್ನೊಂದು ಉಪವಾಸ ಕೂಟ ಬೇಡ

"ಪ್ರಾರ್ಥನೆಗೆ ಕೂತರೆ ಮಾತೇ ಬರಲ್ಲ, ವಾಕ್ಯ ಓದಿದರೆ ತಲೆಗೆ ಹತ್ತಲ್ಲ" ಅಂತ ಯಾರಾದರೂ ಬಾಯಿಬಿಟ್ಟರೆ ನಮ್ಮ ಬಳ್ಳಾರಿ, ರಾಯಚೂರು ಕಡೆಯ ಕ್ರೈಸ್ತ ಸಭೆಗಳಲ್ಲಿ ಸಿಗುವ ಉತ್ತರ ಗೊತ್ತೇ ಇದೆ: ನಿನ್ನ ಪ್ರಾರ್ಥನೆ ಸಾಲದು, ಶುಕ್ರವಾರದ ಉಪವಾಸ ಕೂಟಕ್ಕೆ ಬಾ, ಇಡೀ ರಾತ್ರಿ ಪ್ರಾರ್ಥನೆ ತಪ್ಪಿಸಬೇಡ. ಈ ಮದ್ದಿನಿಂದ ಬಹಳ ಸಲ ರೋಗವೇ ಹೆಚ್ಚಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಬೈಬಲಿನ 1 ಅರಸುಗಳು 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಎದುರು ಗೆದ್ದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ ಸಾವು ಕೇಳುತ್ತಾನೆ. ದೇವರು ಮೊದಲು ಕೊಟ್ಟಿದ್ದು ನಿದ್ದೆ. ಆಮೇಲೆ ಕೆಂಡದಲ್ಲಿ ಸುಟ್ಟ ರೊಟ್ಟಿ, ತಂಬಿಗೆ ನೀರು. ಮತ್ತೆ ನಿದ್ದೆ, ಮತ್ತೆ ಊಟ. 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆಯೇ "ಇಲ್ಲೇನು ಮಾಡುತ್ತೀ?" ಎಂಬ ಪ್ರಶ್ನೆ. ಅವನು ಒಂದೇ ದೂರನ್ನು ಎರಡು ಸಲ ಹೇಳಿದರೂ ಗದರಿಕೆ ಇಲ್ಲ. ಕೊನೆಗೆ, ನೀನೊಬ್ಬನೇ ಅಲ್ಲ, ಇನ್ನೂ 7,000 ಮಂದಿ ಇದ್ದಾರೆ, ಕೆಲಸಕ್ಕೆ ಎಲೀಷನನ್ನು ಜೊತೆಗೆ ತಗೋ ಎಂಬ ಮಾತು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿ, ಉಪದೇಶದಿಂದ ಶುರುಮಾಡುತ್ತೇವೆ.

ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನಲ್ಲೋ ಶಕ್ತಿನಗರದ ಥರ್ಮಲ್‌ನಲ್ಲೋ ನೈಟ್ ಶಿಫ್ಟ್ ಮಾಡುವವರು, ಗಂಗಾವತಿ, ಸಿಂಧನೂರು ಕಡೆ ದಿನವಿಡೀ ಬಗ್ಗಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು ಪ್ರಾರ್ಥನೆಯಲ್ಲಿ ತೂಕಡಿಸಿದರೆ ಅದನ್ನು ಸೈತಾನನ ತಲೆಗೆ ಕಟ್ಟುವ ಮೊದಲು ಎಷ್ಟು ತಾಸು ಮಲಗಿದ್ದರು ಅಂತ ಕೇಳಿ. ಎರಡು ಮೂರು ವಾರ ದಿನಕ್ಕೆ 7 ತಾಸು ನಿದ್ದೆ ಆಗಲಿ. ರಕ್ತವನ್ನೂ ಪರೀಕ್ಷಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಅದನ್ನು ಇಟ್ಟುಕೊಂಡು ಉಪವಾಸ ಮಾಡಿಸಿದರೆ ಸುಸ್ತು ಹೆಚ್ಚಾಗುತ್ತದೆಯೇ ಹೊರತು ಆತ್ಮಿಕ ಬಲವಲ್ಲ.

ದೇಹ ಸುಧಾರಿಸಿದರೂ ಒಣಗಿದ ಮನಸ್ಸು ಹಾಗೇ ಇರಬಹುದು. ಇದು ಹಳೆಯ ಕಾಯಿಲೆ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಇದನ್ನು ನಡುಹಗಲಿನ ದೆವ್ವ ಅಂದ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ಅದರ ಕಾಟ: ಸೂರ್ಯ ಜರುಗುವುದೇ ಇಲ್ಲ, ದಿನ 50 ತಾಸಿನಷ್ಟು ಉದ್ದ ಅನಿಸುತ್ತದೆ, ಯಾರಾದರೂ ಬರುತ್ತಾರಾ ಅಂತ ಕಣ್ಣು ಹೊರಗೇ, ಇರುವ ಜಾಗದ ಮೇಲೆ ಜಿಗುಪ್ಸೆ, ಬೇರೆ ಕಡೆ ಹೋದರೆ ಸರಿಹೋದೀತು ಎಂಬ ಆಸೆ. (ಮೇ ತಿಂಗಳ ರಾಯಚೂರಲ್ಲಿ ಕರೆಂಟು ಹೋದ ಕೂಟದಲ್ಲಿ ಕೂತಿದ್ದರೆ ಇನ್ನೇನು ಬರೆಯುತ್ತಿದ್ದನೋ!) ವರ್ಷಕ್ಕೊಂದು ಸಭೆ ಬದಲಿಸುವವರಿಗೆ ಈ ಲಕ್ಷಣ ಪರಿಚಯವಿರಬೇಕು. ಆ ಸನ್ಯಾಸಿಗಳ ಮದ್ದು ಸರಳ: ಜಾಗ ಬಿಡಬೇಡ, ಕೈಗೆ ಕೆಲಸ ಕೊಡು, 42ನೇ ಕೀರ್ತನೆಯ ಹಾಗೆ ನಿನ್ನ ಮನಸ್ಸಿಗೆ ನೀನೇ ಮಾತಾಡು. ಅಂದರೆ ಸಭೆ ಬಿಡಬೇಡಿ. ಜವಾಬ್ದಾರಿ ಬಿಡಿ. ಕ್ವಾಯರ್, ಸಂಡೇ ಸ್ಕೂಲ್, ಸ್ತ್ರೀಯರ ಕೂಟ, ಮನೆ ಪ್ರಾರ್ಥನೆ ಎಲ್ಲವನ್ನೂ ಹಾಳೆಯ ಮೇಲೆ ಬರೆದು, ಒಂದನ್ನು ಉಳಿಸಿ ಮಿಕ್ಕಿದ್ದನ್ನು ಮೂರು ತಿಂಗಳು ಬೇರೆಯವರಿಗೆ ಒಪ್ಪಿಸಿ. ಒಬ್ಬನೇ ಎಲ್ಲ ಹೊತ್ತರೆ ನೀನೂ ಜನರೂ ಸವೆದುಹೋಗುತ್ತೀರಿ ಅಂತ ಮಾವ ಇತ್ರೋನು ಮೋಶೆಗೆ ಹೇಳಿದ್ದೂ ಇದನ್ನೇ (ವಿಮೋಚನಕಾಂಡ 18).

ಓದಿನಲ್ಲಿ ದಣಿವು ತರುವುದು ವರ್ಷಕ್ಕೊಮ್ಮೆ ಬೈಬಲ್ ಮುಗಿಸುವ ಪಟ್ಟಿ. 1,189 ಅಧ್ಯಾಯ, ದಿನಕ್ಕೆ ಮೂರು ಚಿಲ್ಲರೆ. ಐದು ದಿನ ತಪ್ಪಿದರೆ 16 ಅಧ್ಯಾಯ ಬಾಕಿ, ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಅದು ತೀರದ ಸಾಲವಾಗಿ, ಬೈಬಲ್ ಮುಟ್ಟಲಿಕ್ಕೇ ಅಳುಕು. ಪಟ್ಟಿ ಬದಿಗಿಡಿ. ಮಾರ್ಕನ ಸುವಾರ್ತೆ ತೆಗೆದು ದಿನಕ್ಕೊಂದು ಘಟನೆ ಓದಿ. ತಪ್ಪಿದ ದಿನ ತಪ್ಪಿತು, ಮರುದಿನ ಎರಡು ಓದಬೇಡಿ.

ಪ್ರಾರ್ಥನೆ ಹತ್ತು ನಿಮಿಷ ಸಾಕು. 13ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ. ಗಟ್ಟಿಯಾಗಿ ಓದಿ. ಮೊದಲೆರಡರಲ್ಲಿ "ಎಲ್ಲಿಯ ತನಕ?" ಎಂಬ ದೂರು, ಅಲ್ಲಿ ನಿಂತು ನಿಮ್ಮ ದೂರು ಹೇಳಿ, ಸಾಲ, ಗಂಡನ ಕುಡಿತ, ಸಭೆಯೊಳಗಿನ ಮನಸ್ತಾಪ, ಏನಿದ್ದರೂ. ಮೂರು, ನಾಲ್ಕರಲ್ಲಿ ಬೇಡಿಕೆ. ಕೊನೆಯೆರಡರಲ್ಲಿ ಭರವಸೆ. ಆ ಕೊನೆಯೆರಡು ಬಾಯಿಗೆ ಬಾರದ ದಿನ ನಾಲ್ಕಕ್ಕೇ ನಿಲ್ಲಿಸಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಬೈಬಲಿನಲ್ಲೇ ಇದೆ. ಎದೆಯಲ್ಲಿಲ್ಲದ ಸ್ತೋತ್ರವನ್ನು ಬಲವಂತದಿಂದ ಕೂಗಿಸುವುದು ದಣಿದವರನ್ನು ನಾಟಕಕ್ಕೆ ತಳ್ಳುತ್ತದೆ.

ಈ ದಣಿವನ್ನು ಹೇಳಿಕೊಳ್ಳಲು ಒಬ್ಬರು ಸಾಕು, ವಾಟ್ಸಾಪ್ ಗ್ರೂಪ್ ಬೇಡವೇ ಬೇಡ. ಪ್ರಾರ್ಥನಾ ವಿಷಯ ಅಂತ ಹಾಕಿದ್ದು ಸಂಜೆಯೊಳಗೆ ಓಣಿಗೆಲ್ಲ ಸುದ್ದಿ.

ಎರಡು ವಾರ ದಾಟಿದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದೆ ನಿದ್ದೆ, ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಮನೆಯವರಿಗೆ ಅವತ್ತೇ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲೇ ನಡೆಸಿದ ಪ್ರಯೋಗ. ಆ ಜಿಲ್ಲೆಯವರಾಗಿ ಮಾತ್ರೆ ನುಂಗುವುದನ್ನು ಅವಿಶ್ವಾಸ ಅನ್ನುವುದು ನಮಗೆ ಶೋಭೆಯಲ್ಲ.

ಇನ್ನು ಪಾಸ್ಟರುಗಳು. ಭಾನುವಾರ ಮೂರು ಕಡೆ ಆರಾಧನೆ ನಡೆಸಿದವರಿಗೆ ಸೋಮವಾರ ಬೆಳಿಗ್ಗೆ ಆರಕ್ಕೇ ಫೋನು, ಯಾರದೋ ಮಗನಿಗೆ ಹೆಣ್ಣು ನೋಡುವ ವಿಷಯಕ್ಕೆ. ಸಾವು, ಆಸ್ಪತ್ರೆ ಬಿಟ್ಟು ಬೇರೆ ಯಾವುದಕ್ಕೂ ಸೋಮವಾರ ಕರೆಯಬಾರದು ಅಂತ ಸಭೆಯ ಕಮಿಟಿಯೇ ತೀರ್ಮಾನ ಮಾಡಿ ಭಾನುವಾರ ಪ್ರಕಟಣೆಯಲ್ಲಿ ಓದಲಿ. ಅಯ್ಯನವರ ಬಾಯಿಂದ ಓದಿಸಬೇಡಿ, ಅವರಿಗೆ ಸಂಕೋಚ. ಕಾರ್ಯದರ್ಶಿ ಓದಲಿ.